ತೊಡೆಯ ಮೇಲಿನ ಹಾವು

ನನ್ನ ಎರಡು ಮಣಿಕಟ್ಟುಗಳ ಮೇಲೂ ಒಂದೊಂದು ಕೆಂಪು ಗೆರೆ ಇದೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಟೀ ಮಾರುವಾತ ಮೊನ್ನೆ ಗ್ಲಾಸು ಕೊಡುವಾಗ ಅದನ್ನು ನೋಡಿ, "ಏಂ ಸಾರ್, ಬೇಡೀಲು ಏಸಿನಾರಾ?" ಎಂದ. ಪೊಲೀಸರು ನನಗೆ ಕೋಳ ತೊಡಿಸಿದ್ದರೇ ಎಂದು ಅವನ ವಿಚಾರಣೆ. ನನಗೆ ಬೇಸರವೇನೂ ಆಗಲಿಲ್ಲ. ಆವತ್ತು ಬೆಳಗಿನಿಂದ ನನ್ನನ್ನು ಯಾರಾದರೂ ಮಾತನಾಡಿಸಿದ್ದು ಅದೇ ಮೊದಲು. ಕೋಳವಲ್ಲಪ್ಪ, ಕಂಪ್ಯೂಟರು ಎಂದು ತೆಲುಗಿನಲ್ಲಿ ವಿವರಿಸಲು ಹೊರಟೆ. ಅಷ್ಟರಲ್ಲಿ ಅವನು ಮುಂದಿನ ಗಿರಾಕಿಗೆ ಟೀ ಸೋಸುತ್ತಿದ್ದ.

ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ನೀವಾದರೂ ಕೇಳಿ. ನಮ್ಮ ಕಚೇರಿಯವರು ನನಗೊಂದು ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಈ ಶತಮಾನ ಮುಗಿಯುವ ಮೊದಲು ಅಂಥದ್ದೊಂದು ನನ್ನ ಪಾಲಿಗೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ, ನಿಮ್ಮಲ್ಲಿ ಹಲವರು ಅದನ್ನು ಇನ್ನೂ ಕಣ್ಣಿಂದ ನೋಡಿರಲಿಕ್ಕೂ ಇಲ್ಲ. ಸೂಟ್‌ಕೇಸಿನ ಹಾಗೆ ಮುಚ್ಚುತ್ತದೆ, ತೆರೆಯುತ್ತದೆ. ಸುತ್ತಮುತ್ತಲ ಊರುಗಳ ಬಾವಿಗಳಲ್ಲಿ ನೀರು ಎಷ್ಟು ಆಳಕ್ಕಿಳಿದಿದೆ ಎಂದು ಅಳೆದು ಬರುವುದು ನನ್ನ ಕೆಲಸ. ಆ ಅಂಕಿಗಳನ್ನೆಲ್ಲ ಇದರ ಹೊಟ್ಟೆಗೆ ತುಂಬಬೇಕು. ಇದನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಬಹುದು ಎಂದು ಕಲಿಸಲು ಬಂದಿದ್ದ ಹುಡುಗ ಹೇಳಿದ. ಅವನು ತಾನು ಮಾತ್ರ ಮೇಜಿನ ಮೇಲೇ ಇಟ್ಟುಕೊಂಡಿದ್ದ.

ಇದನ್ನು ರೂಪಿಸಿದ ಮಹಾನುಭಾವನಿಗೆ ಕೈ ಇತ್ತೋ ಇಲ್ಲವೋ ಎಂಬುದೇ ನನ್ನ ಅನುಮಾನ. ಕೀಲಿಗಳನ್ನು ಒತ್ತುವಾಗ ಅಂಗೈಯ ಬುಡ ಎಲ್ಲಿ ಊರುತ್ತದೋ ಸರಿಯಾಗಿ ಅಲ್ಲೇ ಅಂಚನ್ನು ಈಳಿಗೆಯಂತೆ ಚೂಪಾಗಿಸಿದ್ದಾನೆ. ತೆರೆಯ ಮೇಲಿನ ಬಾಣ ಓಡಿಸಲು ಕೀಲಿಗಳ ನಡುವೆ ಕಡಲೆಕಾಳಿನಷ್ಟು ಒಂದು ಗುಬಟು ಇಟ್ಟಿದ್ದಾನೆ. ಅದನ್ನು ತಿಕ್ಕಿ ತಿಕ್ಕಿ ನನ್ನ ತೋರುಬೆರಳು ಜಡ್ಡುಗಟ್ಟಿದೆ. ಎಲ್ಲಕ್ಕಿಂತ ದೊಡ್ಡದು ತಳದ ಬಿಸಿ. ಎಡಗಡೆ ಒಂದು ಕಿಂಡಿ ಇದೆ, ಒಳಗಿನ ಫ್ಯಾನು ಅಲ್ಲಿಂದ ಬಿಸಿ ಗಾಳಿ ಊದುತ್ತದೆ. ಅರ್ಧ ಗಂಟೆಯಾದರೆ ತೊಡೆಯ ಮೇಲೆ ರೊಟ್ಟಿ ಹೆಂಚು ಕೂತಂತೆ. ತೊಡೆಗೆಂದೇ ಮಾಡಿದ ವಸ್ತುವನ್ನು ತೊಡೆ ತಡೆಯಲಾರದು ಎಂದರೆ ಯಾರಲ್ಲಿ ದೂರುವುದು?

ನನ್ನ ತಂದೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ, ಮುಂದೆ ಇಳಿಜಾರಿನ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಬರೆಯುತ್ತಿದ್ದರು. ಅವರಿಗಿಂತ ಮುಂಚೆ ಎಷ್ಟು ಜನ ಗುಮಾಸ್ತರು ಅದರ ಮೇಲೆ ಕೈಯೂರಿದ್ದರೋ, ಅಂಚು ಬೆಣ್ಣೆಯಂತೆ ನುಣುಪಾಗಿತ್ತು. ನಮ್ಮ ಕಡೆಯ ಸಾಮಾನುಗಳ ಗುಣವೇ ಅದು. ಬೀಸುವ ಕಲ್ಲಿನ ಗೂಟವಾಗಲಿ, ನೇಗಿಲಿನ ಮೇಣಿಯಾಗಲಿ, ಮೊದಮೊದಲು ಮನುಷ್ಯನನ್ನು ಒಂದಿಷ್ಟು ಗೋಳು ಹೊಯ್ದುಕೊಂಡರೂ ಕಡೆಗೆ ತಾವೇ ಸವೆದು ದಾರಿಗೆ ಬರುತ್ತವೆ. ಈ ಯಂತ್ರ ಹಾಗಲ್ಲ. ವರ್ಷವಾಗುತ್ತ ಬಂತು, ಅದರ ಅಂಚು ಹಾಗೇ ಇದೆ, ಸವೆದವನು ನಾನು.

ಹಾಗಾದರೆ ಮೇಜಿನ ಮೇಲಿಡಬಾರದೇ ಎಂದು ನೀವು ಕೇಳುತ್ತೀರಿ. ಕಚೇರಿಯಲ್ಲಿ ಮೇಜಿದೆ. ಆದರೆ ಕಚೇರಿ ಸಂಜೆ ಬಾಗಿಲು ಹಾಕುತ್ತದೆ. ಆಮೇಲೆ ನನಗಿರುವುದು ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆ, ಒಂದು ಮಂಚ. ನನ್ನ ಹೆಂಡತಿ ಜಯ ತೀರಿಕೊಂಡ ಮೇಲೆ ಹಿಂದೂಪುರದ ಮನೆಯಲ್ಲಿ ಇರಲಾರದೆ ನಾನೇ ಕೇಳಿ ಹಾಕಿಸಿಕೊಂಡ ವರ್ಗ ಇದು. ಊರು ಬದಲಾದರೆ ಸಂಜೆಗಳೂ ಬದಲಾಗುತ್ತವೆ ಎಂದುಕೊಂಡಿದ್ದೆ. ಇಲ್ಲ ಸ್ವಾಮಿ, ಸಂಜೆ ಎಲ್ಲಿ ಹೋದರೂ ಸಂಜೆಯೇ. ಅದಕ್ಕೇ ಯಂತ್ರವನ್ನು ಕೋಣೆಗೆ ಹೊತ್ತು ತರುತ್ತಿದ್ದೆ. ಮುಗಿದ ಕೆಲಸವನ್ನೇ ಮತ್ತೆ ತೆರೆದು, ಬಾವಿಗಳ ಹೆಸರುಗಳನ್ನು ಒಮ್ಮೆ ಊರಿನ ಪ್ರಕಾರ, ಇನ್ನೊಮ್ಮೆ ಆಳದ ಪ್ರಕಾರ ಜೋಡಿಸುತ್ತ ಕೂರುತ್ತಿದ್ದೆ. ಫ್ಯಾನು ಗುರ್ ಎನ್ನುತ್ತಿತ್ತು. ತೊಡೆ ಸುಡುತ್ತಿತ್ತು. ಸುಟ್ಟರೂ ಕೆಳಗಿಡಲು ಮನಸ್ಸು ಬರುತ್ತಿರಲಿಲ್ಲ. ಏಕೆ ಎಂದು ಆಗ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಚಳಿಗಾಲ ಬರುವ ಹೊತ್ತಿಗೆ ಎಡತೊಡೆಯ ಮೇಲೆ ಕಂದುಗೆಂಪು ಗುರುತುಗಳು ಎದ್ದವು. ನೋವಿಲ್ಲ, ಗುಳ್ಳೆಯಿಲ್ಲ, ಬಲೆ ಹೆಣೆದ ಹಾಗೆ ಗೆರೆಗೆ ಗೆರೆ ಕೂಡಿಕೊಂಡು ಸುತ್ತಿಕೊಂಡಿದ್ದವು. ಕಾಯಿಸಿದ್ದನ್ನು ಚರ್ಮ ಬರೆದಿಟ್ಟುಕೊಂಡಿದೆ ಎಂದುಕೊಂಡು ಸುಮ್ಮನಾದೆ. ತೋರಿಸಲು ಯಾರೂ ಇಲ್ಲದಿದ್ದರೆ ಕಾಯಿಲೆಗೂ ಒಂದು ಸಂಭ್ರಮ ಇರುವುದಿಲ್ಲ.

ಹಿಂದೂಪುರದಲ್ಲಿ ನನ್ನ ಅಕ್ಕ ಗಂಗಕ್ಕ ಇದ್ದಾಳೆ. ಭಾವನದು ಹುಣಸೆಹಣ್ಣಿನ ವ್ಯಾಪಾರ, ಮನೆ ತುಂಬ ಜನ. ಅಪರೂಪಕ್ಕೊಮ್ಮೆ ಶನಿವಾರ ಅಲ್ಲಿಗೆ ಹೋಗಿ, ಭಾನುವಾರ ಸಂಜೆಯ ಬಸ್ಸಿಗೆ ಹಿಂದಿರುಗುವುದು ನನ್ನ ರೂಢಿಯಾಗಿತ್ತು. ಇರೋ ಎಂದು ಅಕ್ಕ ಪ್ರತಿ ಸಲವೂ ಹೇಳುತ್ತಿದ್ದಳು. ಕೆಲಸ ಇದೆ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ. ಆ ಮನೆಯ ಗಲಾಟೆಯಲ್ಲಿ ಜಯ ಇಲ್ಲದಿರುವುದು ಇನ್ನಷ್ಟು ಎದ್ದು ಕಾಣುತ್ತಿತ್ತು ಎಂಬುದು ನಿಜವಾದ ಕಾರಣ. ಅದನ್ನು ಹೇಳುವುದು ಹೇಗೆ?

ಅಂಥದೊಂದು ಭಾನುವಾರ ಹಿತ್ತಿಲಲ್ಲಿ ಅಕ್ಕ ನನ್ನ ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಐವತ್ತು ದಾಟಿದ ಸರ್ಕಾರಿ ನೌಕರ ಟವೆಲ್ಲು ಸುತ್ತಿಕೊಂಡು ಮಣೆಯ ಮೇಲೆ ಕೂತು ಅಕ್ಕನ ಕೈಲಿ ತಲೆಗೆ ತಟ್ಟಿಸಿಕೊಳ್ಳುವ ದೃಶ್ಯವನ್ನು ನೀವು ಮನಸ್ಸಿಗೆ ತಂದುಕೊಳ್ಳಬೇಡಿ. ತಟ್ಟುತ್ತಿದ್ದ ಕೈ ಒಮ್ಮೆಗೇ ನಿಂತಿತು. ಅಕ್ಕ ನನ್ನ ತೊಡೆಯನ್ನೇ ನೋಡುತ್ತಿದ್ದಳು. "ಸರ್ಪಸುತ್ತು ಕಣ್ಲಾ ಇದು" ಎಂದಳು.

ನಾನು ನಗುತ್ತ ಯಂತ್ರದ ಕಥೆ ಹೇಳಿದೆ. ಹೊರಗೆ ಬಂದ ಭಾವ, ಆಫೀಸಿನ ಮಿಷಿನ್ನಿಗೆ ಯಾರಾದರೂ ಹಾವು ಸುತ್ತುವ ಕಾಯಿಲೆ ಬರಿಸಿಕೊಳ್ಳುತ್ತಾರೇನಯ್ಯ ಎಂದು ನನ್ನನ್ನೇ ಬೈದರು. ನಿಮಗೆ ಗೊತ್ತಿರುತ್ತದೆ, ಸರ್ಪಸುತ್ತಾದರೆ ನಮ್ಮ ಕಡೆ ಡಾಕ್ಟರಿಗಿಂತ ಮುಂಚೆ ಕುಂಬಾರರ ಮನೆಗೆ ಹೋಗುತ್ತಾರೆ. ಹಾವಿನ ತಲೆ ಬಾಲ ಎರಡೂ ಕೂಡಿಕೊಂಡರೆ ಮನುಷ್ಯ ಉಳಿಯುವುದಿಲ್ಲ, ಅವು ಕೂಡದ ಹಾಗೆ ನಡುವೆ ಕೆಮ್ಮಣ್ಣಿನ ಗೆರೆ ಎಳೆಸಬೇಕು. ನಾನು ಬಾಯಿ ತೆರೆಯುವುದರೊಳಗೆ ಭಾವನ ಸ್ಕೂಟರಿನ ಹಿಂದೆ ಕೂತು ಪರಿಗಿಯ ದಾರಿಯಲ್ಲಿದ್ದೆ. ಅಲ್ಲಿನ ಕುಂಬಾರ ಓಬಣ್ಣ ಕೆಮ್ಮಣ್ಣು ಕಲಸಿ, ಏನೋ ಮಣಮಣ ಹೇಳುತ್ತ ನನ್ನ ತೊಡೆಗೆ ಸುಣ್ಣ ಕೆಮ್ಮಣ್ಣಿನ ಗೋಡೆಯ ಕಳೆ ತಂದ. ಉಪ್ಪು, ಹುಳಿ ಬಿಡಬೇಕು ಎಂದ.

ಊರಿನ ಗಡಿ ದಾಟಬಾರದು ಎಂದವನು ಓಬಣ್ಣನಲ್ಲ, ನನಗೆ ಚೆನ್ನಾಗಿ ನೆನಪಿದೆ. ಅದನ್ನು ಮನೆಗೆ ಬಂದ ಮೇಲೆ ಅಕ್ಕ ಸೇರಿಸಿದಳು. ಮಣ್ಣು ತಾನಾಗಿ ಉದುರುವ ತನಕ ಬಸ್ಸು ಹತ್ತುವ ಮಾತೇ ಇಲ್ಲ ಎಂದು, ನನ್ನ ಚೀಲವನ್ನು ಅಟ್ಟದ ಮೇಲೆ ಇಡಿಸಿದಳು. ಕಚೇರಿಗೆ ಫೋನು ಮಾಡಿಸಿ ರಜ ಹೇಳಿಸಿದಳು.

ಹೀಗೆ ನಾನು ಇಲ್ಲದ ಕಾಯಿಲೆಯ ರೋಗಿಯಾಗಿ ಆ ಮನೆಯಲ್ಲಿ ಉಳಿದೆ. ಪಥ್ಯಕ್ಕೆ ಬೇರೆ ಒಲೆ ಹಚ್ಚಲಾರೆ ಎಂದು ಅಕ್ಕ ಎಲ್ಲರಿಗೂ ಅದೇ ಅಡಿಗೆ ಮಾಡಿದಳು. ಮಂಡಿಯಲ್ಲಿ ಹುಣಸೆಹಣ್ಣು ರಾಶಿ ಬಿದ್ದಿದೆ, ಮನೆಯ ಸಾರಿನಲ್ಲಿ ಒಂದೆಳೆ ಇಲ್ಲ ಎಂದು ಭಾವ ಗೊಣಗುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಬೀದಿಯವರೆಲ್ಲ ನನ್ನ ತೊಡೆ ನೋಡಲು ಬಂದರು. ಬಂದವರು ಕೂತರು. ಕೂತವರು ಜಯಳ ಮಾತೆತ್ತಿದರು, ಅವಳು ಮಾಡುತ್ತಿದ್ದ ಒಬ್ಬಟ್ಟಿನ ಸಾರು, ಅವಳ ಜೋರು ನಗು. ನಾನು ಯಾವುದಕ್ಕೆ ಹೆದರಿ ಭಾನುವಾರ ಸಂಜೆಗಳಲ್ಲಿ ಓಡಿಹೋಗುತ್ತಿದ್ದೆನೋ ಅದೇ ನನ್ನ ಮುಂದೆ ಬಂದು ಕೂತಿತ್ತು. ಒಂದು ದಿನ ಎಲ್ಲರೆದುರು ಅತ್ತೂಬಿಟ್ಟೆ. ನೋವಿರಬೇಕು ಪಾಪ ಎಂದು ಎದುರುಮನೆಯಾಕೆ ಹೇಳಿದಳು. ಅಳು ಮುಗಿದ ಮೇಲೆ ಉಪ್ಪಿಲ್ಲದ ಮುದ್ದೆಯೂ ರುಚಿಯಾಯಿತು.

ಮಣ್ಣು ಉದುರಿತು. ಗುರುತುಗಳೂ ಎಷ್ಟೋ ಮಂಕಾಗಿದ್ದವು. ಓಬಣ್ಣನಿಗೆ ಬೀದಿಯಲ್ಲಿ ಒಳ್ಳೆಯ ಹೆಸರು ಬಂತು. ನಾನು ಹೊರಟೆ. ನಾನೂ ಬತ್ತೀನಿ, ಆ ಮಿಷಿನ್ನನ್ನು ನೋಡಬೇಕು ಎಂದು ಅಕ್ಕ ಒಂದು ಗಂಟು, ಒಂದು ಹಳೇ ಮಣೆ ಹಿಡಿದು ನನ್ನ ಜೊತೆ ಬಸ್ಸು ಹತ್ತಿದಳು. ಸೋಮಂದೇಪಲ್ಲಿ ದಾಟುವವರೆಗೆ ಮಾತನಾಡಿದಳು, ಆಮೇಲೆ ನನ್ನ ಹೆಗಲ ಮೇಲೆ ನಿದ್ದೆ ಹೋದಳು.

ಕೋಣೆಯ ಬಾಗಿಲು ತೆರೆದಾಗ ಅವಳು ಒಳಗೆಲ್ಲ ಒಮ್ಮೆ ಕಣ್ಣಾಡಿಸಿದಳು. ಒಂದು ತಟ್ಟೆ, ಒಂದು ಲೋಟ, ಗೋಡೆಯ ಮೇಲೆ ಜಯಳ ಫೋಟೋ. ಫೋಟೋದ ಧೂಳನ್ನು ಸೆರಗಿನಿಂದ ಒರೆಸಿ, ಮಂಚದ ಮೇಲೆ ಕೂತು, ಎಲ್ಲಿ ಕೊಡು ಎಂದಳು. ನಾನು ಯಂತ್ರಕ್ಕೆ ಜೀವ ಕೊಟ್ಟು ಅವಳ ತೊಡೆಯ ಮೇಲಿಟ್ಟೆ. ಫ್ಯಾನು ಗುರ್ ಎಂದಿತು. ತೆರೆಯ ಮೇಲಿನ ಬಾವಿಗಳ ಪಟ್ಟಿ ಅವಳಿಗೆ ಬೇಕಿರಲಿಲ್ಲ. ಎರಡು ಕೈಗಳನ್ನೂ ಅದರ ಪಕ್ಕೆಗೆ ಒತ್ತಿ ತುಂಬ ಹೊತ್ತು ಕೂತಳು.

"ಬೆಚ್ಚಗೈತೆ" ಎಂದಳು ಕೊನೆಗೆ.

ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಅವಳ ಎರಡು ಕಣಕಾಲುಗಳ ಮೇಲೂ ಅದೇ ಬಲೆ ಇತ್ತು. ಹಳೆಯದು, ಕಪ್ಪಾಗಿ ಚರ್ಮದೊಳಗೇ ಇಳಿದುಹೋಗಿತ್ತು. ನಮ್ಮ ಮನೆಯಲ್ಲಿ ಈಗ ಯಾರೂ ಮಾತೆತ್ತದ ಒಂದು ಸಂಗತಿ ಇದೆ. ಅಕ್ಕನ ಮೊದಲನೇ ಮಗು ವರ್ಷ ತುಂಬುವ ಮುಂಚೆ ಹೋಯಿತು. ಆಗ ನಾನು ಅನಂತಪುರದ ಹಾಸ್ಟೆಲಿನಲ್ಲಿದ್ದೆ. ಆ ಚಳಿಗಾಲವೆಲ್ಲ ಅವಳು ನೀರೊಲೆಯ ಮುಂದೆ ಕೂತು ಬೆಂಕಿ ನೋಡುತ್ತಿದ್ದಳಂತೆ. ಕಾಲು ಸುಡುತ್ತಿದ್ದರೂ ಏಳಲು ಮನಸ್ಸು ಬರುತ್ತಿರಲಿಲ್ಲವಂತೆ.

"ಹಂಗಾದ್ರೆ ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದೆ.

"ನೋಡಿದ್ ತಕ್ಷಣ ಗೊತ್ತಾಯ್ತು ಕಣ್ಲಾ. ಬಿಸೀಗೆ ಬಂದಿದ್ದು ಅಂದಿದ್ರೆ ಸಾಯಂಕಾಲದ ಬಸ್ಸಿಗೇ ನೀನು ಹೊಂಟ್ಬುಡ್ತಿದ್ದೆ. ಹಾವು ಅಂದಿದ್ಕೆ ಉಳ್ಕೊಂಡೆ." ಸೀರೆಯನ್ನು ಇಳಿಬಿಟ್ಟುಕೊಂಡು, ಜಯಳ ಫೋಟೋದ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದಳು. "ನನ್ ಕಾಲು ನೋಡಿ ಹಾವು ಅನ್ನೋರು ಆಗ ಯಾರೂ ಇರ್ಲಿಲ್ಲ."

ಅವಳು ಎದ್ದು, ತಂದಿದ್ದ ಮಣೆಯನ್ನು ಮಂಚದ ಮೇಲಿಟ್ಟು, ಬಿಂದಿಗೆಯ ಕೆಳಗಿಡುವಂತೆ ನನ್ನ ಟವೆಲ್ಲನ್ನು ಸಿಂಬೆ ಸುತ್ತಿ, ಅದರ ಮೇಲೆ ಯಂತ್ರವನ್ನು ಕೂರಿಸಿದಳು. ಅಂಚಿಗೆ ಹಳೇ ರವಿಕೆ ಬಟ್ಟೆಯನ್ನು ಮಡಿಸಿ ಕಟ್ಟಿದಳು. ದೊಡ್ಡ ದೇಶದ ಇಂಜಿನಿಯರು ಬಿಟ್ಟಿದ್ದ ಕೊರತೆ ಹೀಗೆ ತೀರಿತು. ಮಣಿಕಟ್ಟಿನ ಗೆರೆ ಮಾಸಲು ಇನ್ನೂ ಸಮಯ ಬೇಕು, ಟೀ ಅಂಗಡಿಯವನು ಅದರ ಬಗ್ಗೆ ಮತ್ತೆ ಕೇಳಿದರೆ ಈ ಸಲ ಪೂರ್ತಿ ಹೇಳದೆ ಬಿಡುವುದಿಲ್ಲ.

ತೊಡೆಯ ಮೇಲೆ ಈಗ ಏನೂ ಇಲ್ಲ. ಯಂತ್ರವೂ ಇಲ್ಲ, ಬಲೆಯೂ ಇಲ್ಲ. ಸಂಜೆಗಳು ಮೊದಲಿನಷ್ಟೇ ಉದ್ದ, ತುಸು ಹೆಚ್ಚು ತಣ್ಣಗಿವೆ. ಆದರೆ ಪ್ರತಿ ಶನಿವಾರ ಹಿಂದೂಪುರದ ಬಸ್ಸು ಹತ್ತುತ್ತೇನೆ. ಊಟಕ್ಕೆ ಕೂತಾಗ ಭಾವ, ಕಾಯಿಲೆ ಪೂರ್ತಿ ಹೋಯಿತೇನಯ್ಯ, ಹುಳಿ ಹಾಕಿಸಲೇ ಎಂದು ಆಸೆಯಿಂದ ಕೇಳುತ್ತಾರೆ. ಅಕ್ಕ ಬಡಿಸುತ್ತಲೇ, ನನ್ನ ಕಡೆ ತಿರುಗಿಯೂ ನೋಡದೆ, ಬಾಲ ಇನ್ನೂ ಐತೆ ಎನ್ನುತ್ತಾಳೆ.

ನಾನು ಪಂಚೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡು, ಹೌದು ಭಾವ, ಇನ್ನೂ ಇದೆ ಎನ್ನುತ್ತೇನೆ.