ಗಬ್ಬೂರಿನ ನಾಲ್ಕು ಹರವಿ

ಮೊನ್ನೆ ಒಂದು ಹೊಸ ಹರವಿ ನಮ್ಮ ಅಡುಗೆಮನೆಯನ್ನು ಕೆರೆ ಮಾಡಿತು. ಹರವಿ ಅಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಗಡಿಗೆ. ರಾಯಚೂರಿನ ಬೇಸಿಗೆ ಕಂಡವರಿಗೆ ಅದರ ಬೆಲೆ ಗೊತ್ತು. ಮನೆಯಲ್ಲಿ ಫ್ರಿಜ್ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಫ್ರಿಜ್ಜಿನ ನೀರು ಗಂಟಲಿಗಷ್ಟೇ ತಂಪು, ಹರವಿಯ ನೀರು ಹೊಟ್ಟೆಗೂ ತಂಪು ಎಂದು ನಂಬಿಕೊಂಡು ಬಂದ ಪಂಗಡ ನಮ್ಮದು. ಹೀಗಾಗಿ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ರಸ್ತೆಬದಿಗೆ ಗಡಿಗೆಗಳ ಸಾಲು ಹಚ್ಚಿಕೊಂಡು ಕೂತಿದ್ದ ಹೆಣ್ಣುಮಗಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಬಡಿದು ನೋಡಿ ಎಂದು ಆಕೆ ಕೈಮಾಡಿ ತೋರಿಸಿದಳು. ನಾನು ಬೆರಳು ಮಡಚಿ ಬಡಿದೆ. ಏನೂ ಕೇಳಲಿಲ್ಲ. ಇನ್ನೊಮ್ಮೆ ಬಡಿದೆ. ಬೆರಳು ನೋಯಿತು, ಅಷ್ಟೇ. ಆದರೂ ಕಣ್ಣು ಮುಚ್ಚಿ, ದೊಡ್ಡ ಸಂಗೀತಗಾರನ ಹಾಗೆ ತಲೆದೂಗಿ, ಛಲೋ ಅದ ಎಂದು ಹೇಳಿ ಹೊತ್ತುಕೊಂಡು ಬಂದೆ.

ಬೆಳಗಾಗುವುದರೊಳಗೆ ಹರವಿ ಖಾಲಿ, ಅಡುಗೆಮನೆ ತುಂಬಿತ್ತು. ತಳದಲ್ಲಿ ಕೂದಲೆಳೆಯಂಥ ಬಿರುಕು. ಕಿವಿ ನೆಟ್ಟಗಿರುವ ಯಾರಿಗಾದರೂ ಮೊದಲ ಬಡಿತಕ್ಕೇ ಗೊತ್ತಾಗುತ್ತಿತ್ತು. ಹೆಂಡತಿ ಏನಂದಳು ಎಂದು ಕೇಳಬೇಡಿ, ನನಗೂ ಕೇಳಿಸಲಿಲ್ಲ. ಕಿವಿ ಮಂದವಾದವರಿಗೆ ದೇವರು ಕೊಟ್ಟ ಸವಲತ್ತು ಇದೊಂದೇ. ಮಗಳು ತಂದುಕೊಟ್ಟ ಕಿವಿಯ ಮಷೀನು ಎರಡು ವರ್ಷದಿಂದ ಡಬ್ಬಿಯಲ್ಲೇ ಮಲಗಿದೆ. ಹಾಕಿಕೊಂಡರೆ ನಾನು ಕಿವುಡ ಎಂಬುದು ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂಬ ಹಟ. ಊರಿಗೆ ಯಾವಾಗಲೋ ಗೊತ್ತಾಗಿದೆ ಎಂಬುದು ಬೇರೆ ಮಾತು.

ಗೋಣಿ ತಾಟಿನಿಂದ ನೆಲ ಒರೆಸುತ್ತ ಕೂತಾಗ ತೊಯ್ದ ಹೊಸ ಮಣ್ಣಿನ ವಾಸನೆ ಮೂಗಿಗೆ ಬಂತು. ನಗಬೇಡಿ ಮತ್ತೆ. ಆ ವಾಸನೆಗೆ ಬೇರೆಯವರಿಗೆ ಹೊಲ ನೆನಪಾಗುತ್ತದೆ, ಮೊದಲ ಮಳೆ ನೆನಪಾಗುತ್ತದೆ. ನನಗೆ ಡಿಸ್ಕೋ ನೆನಪಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಕೃಷ್ಣಾ ನದಿಯ ದಂಡೆಗೆ ಪವರ್ ಹೌಸ್ ಎದ್ದು, ಶಕ್ತಿನಗರ ಎಂಬ ಹೊಸ ಊರು ಹುಟ್ಟಿತ್ತು. ಐಟಿಐ ಮುಗಿಸಿದ್ದ ನಾನು ಅಲ್ಲಿ ಟೆಕ್ನಿಶಿಯನ್ ಆದೆ. ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕ ವಾರವೇ ದೇವದುರ್ಗದಿಂದ ಅವ್ವನನ್ನು ಕರೆದುಕೊಂಡು ಬಂದೆ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಕೂಲಿ ಮಾಡಿ ಓದಿಸಿದವಳು ಅವ್ವ. ಕಳೆ ತೆಗೆಯುವ ಹೆಂಗಸರ ಸಾಲಿನಲ್ಲಿ ಹಾಡು ಎತ್ತಿಕೊಡುವವಳು ಅವಳೇ, ಉಳಿದವರು ಸೊಲ್ಲು ಹಿಡಿಯುವವರು. ಅವ್ವ ಬಂದರೆ ಕೆಲಸ ಹಗುರಾಗುತ್ತದೆ ಎಂದು ಹೊಲದವರು ಮೊದಲು ಅವಳನ್ನೇ ಕರೆಯುತ್ತಿದ್ದರು. ನಾನು ಐಟಿಐ ಓದುತ್ತಿದ್ದಾಗ ಅವಳಿಗೊಂದು ಜ್ವರ ಬಂತು. ಜ್ವರ ಹೋಗುವಾಗ ಎರಡೂ ಕಿವಿ ತೆಗೆದುಕೊಂಡು ಹೋಯಿತು.

ಕಿವಿ ಹೋದದ್ದಕ್ಕಿಂತ ಹೆಚ್ಚು ಕೆಟ್ಟದ್ದು ಒಂದು ಬಸ್ಸಿನಲ್ಲಿ ಆಯಿತು. ಶಕ್ತಿನಗರಕ್ಕೆ ಬರುವ ದಿನ ದೇವದುರ್ಗದ ಬಸ್ಸು ಕಿಕ್ಕಿರಿದಿತ್ತು. ಅವ್ವ ನನ್ನ ಕಿವಿಯ ಹತ್ತಿರ ಬಾಯಿ ತಂದು, ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡು, ಕಂಡಕ್ಟರನಿಗೂ ಕೇಳುವ ಹಾಗೆ ಕೇಳಿದಳು: "ತಮ್ಮಾ, ಮುಂದ ಕುಂತಾಕಿ ಕೊಳ್ಳಾಗಿನ ಸರ ಖೊಟ್ಟಿ ಅದ ನೋಡು, ಹೌದಿಲ್ಲ?" ಬಸ್ಸಿಗೆ ಬಸ್ಸೇ ನಕ್ಕಿತು. ಸರದ ಹೆಂಗಸು ತಿರುಗಿ ಬೈದಳು. ಅವ್ವನಿಗೆ ಬೈಗುಳ ಕೇಳಲಿಲ್ಲ, ನಗುವುದು ಕಂಡಿತು. ನಾನೇನು ಮಾಡಿದೆ? ಕಿಟಕಿಯ ಕಡೆ ಮುಖ ತಿರುಗಿಸಿದೆ. ಗಬ್ಬೂರು ದಾಟುವ ಹೊತ್ತಿಗೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಂದಿನಿಂದ ಹಾಡಿಲ್ಲ, ಹೊರಗೆ ಮಾತಿಲ್ಲ. ಯಾರಾದರೂ ಮನೆಗೆ ಬಂದರೆ ಒಳಗೆ ಹೋಗಿ ಕೂಡುವಳು. ಅವಳು ಮತ್ತೆ ನಾಲ್ಕು ಜನರ ನಡುವೆ ಬಾಯಿ ಬಿಟ್ಟು ಮಾತಾಡಿದರೆ ಸಾಕು ಎಂಬುದೊಂದೇ ನನಗೆ ಆಗ ಇದ್ದ ಆಸೆ. ಅದಕ್ಕೆ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಇರಲಿ, ಡಿಸ್ಕೋಗೆ ಬರುತ್ತೇನೆ. ಖಾಜಾ ಎಂಬ ಗೆಳೆಯನಿದ್ದ, ಮಾನ್ವಿಯವನು. ರಾಯಚೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ. ಮದುವೆ, ಜಾತ್ರೆ, ಭಾಷಣ, ಎಲ್ಲಕ್ಕೂ ಅವನ ಹಾರ್ನೇ. ಶನಿವಾರ ಸಂಜೆ ನನಗೆ ಡ್ಯೂಟಿ ಇರದಿದ್ದರೆ ಅವನ ಸಂಗಡ ವೈರು ಎಳೆಯುವುದು ನನ್ನ ಖಯಾಲಿ. ಅದೇ ಆಗ ಕಾಲೋನಿಯ ಕ್ಲಬ್ಬಿನಲ್ಲಿ ಶನಿವಾರದ ಮ್ಯೂಸಿಕ್ ನೈಟ್ ಶುರುವಾಗಿತ್ತು. ದೊಡ್ಡ ಊರುಗಳಿಂದ ಬಂದ ಹುಡುಗ ಇಂಜಿನಿಯರುಗಳು ಕ್ಯಾಸೆಟ್ ತರುವರು, ಬಣ್ಣದ ಬಲ್ಬು ಕಟ್ಟುವರು, ಬೆಲ್‌ಬಾಟಂ ಹಾಕಿಕೊಂಡು ಕುಣಿಯುವರು. ಆದರೆ ಖಾಜಾನ ಹಾರ್ನಿನಲ್ಲಿ ಯಾವ ಹಾಡು ಹಾಕಿದರೂ ಚುನಾವಣಾ ಪ್ರಚಾರದ ಹಾಗೆ ಕೇಳುತ್ತಿತ್ತು. ಬೇಸ್ ಬೇಕು, ಎದೆಗೆ ಗುದ್ದಬೇಕು, ಮುಂದಿನ ಶನಿವಾರ ಆಗದಿದ್ದರೆ ಹೈದರಾಬಾದಿನಿಂದ ಸೆಟ್ ತರಿಸುತ್ತೇವೆ ಎಂದು ಅವರು ಹೇಳಿಬಿಟ್ಟರು.

ಎದೆಗೆ ಗುದ್ದುವುದು ಖಾಜಾನಿಗೆ ಗೊತ್ತಿಲ್ಲದ್ದೇನಲ್ಲ. ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಮ್ಮಿನಲ್ಲಿ, ಹಲಗೆ ಬಾರಿಸುವವರ ಮುಂದೆ ಕುಣಿದು ಬೆಳೆದವನು. ಆ ಗುದ್ದನ್ನು ಡಬ್ಬಿಯಿಂದ ಹೊರಡಿಸುವುದು ಹೇಗೆ ಎಂಬುದೇ ಪ್ರಶ್ನೆ. ಮರದ ಪೆಟ್ಟಿಗೆಯಲ್ಲಿ ಸ್ಪೀಕರ್ ಕೂರಿಸಿ ನೋಡಿದೆವು, ಮೊಳೆಗಳೇ ಹಾಡತೊಡಗಿದವು. ಆಮೇಲೆ ಅವನಿಗೆ ಹರವಿ ಹೊಳೆಯಿತು. ಹೊಟ್ಟೆ ದೊಡ್ಡದು, ಜೋಡಣೆ ಇಲ್ಲ, ಮೊಳೆ ಇಲ್ಲ. ಬಾಯಿಗೆ ಸೈಕಲ್ ಟ್ಯೂಬ್ ಸುತ್ತಿ ಸ್ಪೀಕರನ್ನು ಬಿಗಿಯಾಗಿ ಕೂರಿಸಿದರೆ ಆಯಿತು. ಇಬ್ಬರೂ ಹೋಗಿ, ಬಡಿದು ಬಡಿದು, ಬಲು ಕಿವಿಯುಳ್ಳವರ ಹಾಗೆ ನಾಲ್ಕು ಹರವಿ ತಂದೆವು. ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲೇ ಹಾಡು ಹಾಕಿದೆವು. ಡಬ್ಬಿಯಲ್ಲಿ ಸಿಕ್ಕ ದುಂಬಿಯ ಹಾಗೆ ನಾಲ್ಕೂ ಜುಂಯ್ ಅಂದವು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಂದು ಒಂದು ಹರವಿಯ ಹೊಟ್ಟೆಯ ಮೇಲೆ ಎಡಗೈ ಇಟ್ಟಳು, ಬಲಗೈ ಬೆರಳ ಗಂಟಿನಿಂದ ಆ ಕಡೆ ಬಡಿದಳು, ಮುಖ ಕಿವುಚಿದಳು. ನಾಲ್ಕನ್ನೂ ಹಾಗೇ ನೋಡಿ ನಾಲ್ಕನ್ನೂ ತೆಗೆದುಹಾಕಿದಳು. "ಸುಟ್ಟಿದ್ದು ಸಮ ಇಲ್ಲ," ಎಂದಳು ಸಣ್ಣಗೆ. ನಾನು ಖಾಜಾನ ಮುಖ ನೋಡಿದೆ. ಮರುದಿನವೇ ಅವನು ಅವಳನ್ನು ಗಬ್ಬೂರಿನ ಕುಂಬಾರರ ಮನೆಗೆ ಕರೆದುಕೊಂಡು ಹೋದ. ಅವ್ವ ಬಸ್ಸಿನಲ್ಲಿ ಸೆರಗು ಕಚ್ಚಿಕೊಂಡೇ ಕೂತಿದ್ದಳಂತೆ. ಆದರೆ ಕುಂಬಾರನ ಅಂಗಳದಲ್ಲಿ ಇದ್ದಬದ್ದ ಹರವಿಗಳನ್ನೆಲ್ಲ ಮುಟ್ಟಿ, ಬಡಿದು, ಉರುಳಿಸಿ, ಅವನ ತಾಳ್ಮೆ ತೀರುವ ಹೊತ್ತಿಗೆ ನಾಲ್ಕನ್ನು ಬೇರೆ ಇಟ್ಟಳು. ಕಿವಿಯಿದ್ದ ಇಬ್ಬರು ತಂದದ್ದು ಜುಂಯ್, ಕಿವಿಯಿಲ್ಲದವಳು ತಂದದ್ದು ಬಂಗಾರ ಎಂದು ಖಾಜಾ ರಾಯಚೂರಿನ ತುಂಬ ಹೇಳಿಕೊಂಡು ತಿರುಗಿದ.

ಈಗ ಒಂದು ತಪ್ಪು ಆಯಿತು. ನಮ್ಮ ಕಡೆಯ ಹೆಂಗಸರ ಹೊರತು ಇನ್ನಾರೂ ಮಾಡಲಾರದ ತಪ್ಪು. ಶುಕ್ರವಾರ ರಾತ್ರಿ ಹರವಿಗಳನ್ನು ಅಂಗಳದಲ್ಲಿ ಇಟ್ಟು ಮಲಗಿದ್ದೆವು. ಹೊಸ ಹರವಿ ಮನೆಗೆ ಬಂದರೆ ಒಂದು ರಾತ್ರಿ ನೀರು ತುಂಬಿಸಿ ನೆನೆಸಬೇಕು, ಅದು ಪದ್ಧತಿ. ಅವ್ವ ನಾಲ್ಕಕ್ಕೂ ಬಾಯಿತನಕ ನೀರು ತುಂಬಿಸಿಬಿಟ್ಟಿದ್ದಳು. ಬೆಳಿಗ್ಗೆ ಬಂದ ಖಾಜಾ ತಲೆಯ ಮೇಲೆ ಕೈ ಹೊತ್ತು ಕೂತ. ಸ್ಪೀಕರಿನ ಕಾಗದ ಹಸಿಗೆ ಗಂಜಿಯಾಗುತ್ತದೆ ಎಂದು ಅವನ ಅಳಲು. ಬೇರೆ ದಾರಿ ಇರಲಿಲ್ಲ. ನೀರು ಚೆಲ್ಲಿ, ಒಳಗೆ ಅರಿವೆಯಿಂದ ಒರೆಸಿ, ಸ್ಪೀಕರಿನ ಕಾಗದಕ್ಕೆ ಮೇಣದಬತ್ತಿ ತಿಕ್ಕಿ, ದೇವರ ಮೇಲೆ ಭಾರ ಹಾಕಿ ಕ್ಲಬ್ಬಿಗೆ ಒಯ್ದೆವು.

ಸಂಜೆ ಮೊದಲ ಹಾಡು ಹಾಕಿದಾಗ ಏನಾಯಿತು ಅನ್ನುವುದನ್ನು ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸದ್ದು ಕಿವಿಗೆ ಬರಲಿಲ್ಲ, ಅಂಗಾಲಿನಿಂದ ಏರಿ ಹೊಟ್ಟೆಗೆ ಬಂತು. ಹಸಿ ಮಣ್ಣು ಜುಂಯ್ ಎನ್ನುವುದನ್ನೆಲ್ಲ ನುಂಗಿ ಗುದ್ದನ್ನಷ್ಟೇ ಹೊರಗೆ ಬಿಡುತ್ತಿತ್ತು. ಇಂಜಿನಿಯರುಗಳು ಶಿಳ್ಳೆ ಹೊಡೆದರು. ಖಾಜಾ ನನ್ನನ್ನು ಅಪ್ಪಿಕೊಂಡ. ಒಂದು ತಾಸು ನಾವೇ ರಾಜರು. ಆದರೆ ಅದು ಬೇಸಿಗೆ, ಅದೂ ನಮ್ಮ ಬೇಸಿಗೆ. ಹರವಿಗಳು ಒಣಗತೊಡಗಿದವು. ಮೂಲೆಯಿಂದ ಸಣ್ಣಗೆ ಜುಂಯ್ ಶುರುವಾಯಿತು. ಒದ್ದೆ ಗೋಣಿ ಸುತ್ತಿದರೆ ಸದ್ದೇ ಸತ್ತುಹೋಯಿತು, ತೆಗೆದರೆ ಮತ್ತೆ ಜುಂಯ್. ಎಲ್ಲಿ ಎಷ್ಟು ತೋಯಿಸಬೇಕು ಎಂಬುದು ನಮಗೆ ತಿಳಿಯಲಿಲ್ಲ. ಅಮ್ಮನ್ನ ಕರ್ಕೊಂಡ್ ಬಾ, ಓಡು ಎಂದು ಖಾಜಾ ನನ್ನನ್ನು ದಬ್ಬಿದ.

ಅವ್ವ ಬರಲು ಒಪ್ಪಲಿಲ್ಲ. ಮಂದಿ ನಗುತ್ತಾರೆ ಎಂದಳು. ನಾನು ಕೈಸನ್ನೆಯಲ್ಲಿ ಹರವಿ ಒಣಗಿದ್ದು, ಖಾಜಾ ಅಳುತ್ತಿರುವುದು, ಎಲ್ಲ ನಟಿಸಿ ತೋರಿಸಿದೆ. ಕೊನೆಗೆ ನನಗಾಗಿ ಅಲ್ಲ, ಹರವಿಗಳಿಗಾಗಿ ಎದ್ದಳು. ಕ್ಲಬ್ಬಿನ ಬಾಗಿಲಲ್ಲಿ ಸೆಕ್ರೆಟರಿ ಸಾಹೇಬರು ನಿಂತಿದ್ದರು. ಮೈಸೂರು ಕಡೆಯವರು, ಮೆತ್ತನೆಯ ಮನುಷ್ಯ. "ಇವರು ಯಾರು?" ಎಂದು ಕೇಳಿದರು, ಅಷ್ಟೇ. ಬೇರೇನೂ ಕೇಳಲಿಲ್ಲ. ನಾನು ಅವ್ವನ ಮಾಸಿದ ಸೀರೆ ನೋಡಿದೆ, ಒಳಗಿನ ಬಣ್ಣದ ದೀಪ ನೋಡಿದೆ, ಬಸ್ಸಿನ ನಗು ನೆನಪಾಯಿತು. "ನೀರು ಹಾಕಾಕ ಬಂದಾಕಿರೀ," ಎಂದುಬಿಟ್ಟೆ.

ಆಡಿದ ಮಾತು ಬಾಯಿಗೆ ಮರಳಲಿಲ್ಲ. ಅವ್ವನಿಗೆ ಕೇಳಿಸಿರಲಿಲ್ಲ, ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಖಾಜಾ ಬಂದ. "ನಮ್ಮ ಅಮ್ಮ ಅದಾರ್ರೀ ಸಾಹೇಬ್ರ. ಈಕಿ ಇಲ್ಲಂದ್ರ ಇವತ್ತಿನ ಸೌಂಡೇ ಇಲ್ಲ," ಎಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಸೆಕ್ರೆಟರಿ ಸಾಹೇಬರು ಅವ್ವನಿಗೆ ನಮಸ್ಕಾರ ಮಾಡಿದರು. ನಾನು ಹಿಂದೆ ಉಳಿದೆ.

ಕುಣಿಯುವವರ ನಡುವೆ ಅವ್ವ ಒದ್ದೆ ಗೋಣಿ ಹಿಡಿದು ಹರವಿಯಿಂದ ಹರವಿಗೆ ಹೋದಳು. ಅಂಗೈ ಇಡುವಳು, ನಿಲ್ಲುವಳು, ಒಂದು ಗೇಣು ಜಾಗ ತೋಯಿಸುವಳು. ಒಂದೊಂದೇ ಜುಂಯ್ ಅಡಗಿತು. ನಾಲ್ಕನೆಯದರ ಹತ್ತಿರ ಹೋದವಳು ತಿರುಗಿ ಬರಲಿಲ್ಲ. ಅಂಗೈ ಹರವಿಯ ಮೇಲೆಯೇ ಇತ್ತು. ಕಣ್ಣು ಮುಚ್ಚಿದ್ದಳು. ತಲೆ ನಿಧಾನಕ್ಕೆ ಆಡತೊಡಗಿತು. ಆಮೇಲೆ, ಆ ಬಸ್ಸಿನ ದಿನದ ನಂತರ ಮೊದಲ ಸಲ, ಅವ್ವ ಹಾಡಿದಳು. ಕ್ಯಾಸೆಟ್ಟಿನ ಹಾಡಲ್ಲ, ಜೋಳದ ಹೊಲದಲ್ಲಿ ಕಳೆ ತೆಗೆಯುವಾಗಿನ ಹಾಡು. ಶ್ರುತಿ ಎಲ್ಲೋ ಇತ್ತು, ತಾಳ ಮಾತ್ರ ಕೂದಲೆಳೆ ತಪ್ಪಲಿಲ್ಲ. ದನಿಯೋ, ಹೊಲದ ಆ ಬದುವಿಗೆ ಮುಟ್ಟುವ ದನಿ. ಯಾರೋ ಕ್ಯಾಸೆಟ್ಟಿನ ಸದ್ದು ತಗ್ಗಿಸಿದರು. ಹಾಲ್ ನಿಂತು ನೋಡಿತು, ನೋಡಿ ನಕ್ಕಿತು.

ಅವ್ವ ಕಣ್ಣು ತೆರೆದಳು. ನಗುವುದು ಕಂಡಿತು. ಕೈ ಹಿಂದಕ್ಕೆ ತೆಗೆದಳು, ಸೆರಗು ಬಾಯಿಯ ಕಡೆ ಹೋಯಿತು. ಆಗ ಕರ್ನೂಲಿನ ಕಡೆಯ ಒಬ್ಬ ಇಂಜಿನಿಯರನ ಹೆಂಡತಿ, ಅವಳೂ ನಗುತ್ತಿದ್ದವಳೇ, ಮುಂದೆ ಬಂದು ಅವ್ವನ ಕೈ ಇದ್ದ ಜಾಗದಲ್ಲಿ ತನ್ನ ಕೈ ಇಟ್ಟಳು. ಇಲ್ಲೇ ಏನು ಎಂದು ಹುಬ್ಬಿನಲ್ಲಿ ಕೇಳಿದಳು. ಅವ್ವ ಆ ಕೈ ಹಿಡಿದು ಒಂದು ಗೇಣು ಕೆಳಗೆ ಸರಿಸಿದಳು.

"ಇಲ್ಲಿ ಇಡಬೇ ಯವ್ವಾ," ಎಂದಳು, ಹಾಲಿಗೆಲ್ಲ ಕೇಳುವ ಹಾಗೆ. "ನನಗ ಕಿವಿ ಕೇಳಂಗಿಲ್ಲ. ಕೈಗೆ ಕೇಳ್ತದ."

ಖಾಜಾ ಸದ್ದು ಏರಿಸಿದ. ಆ ಹೆಣ್ಣುಮಗಳ ಕಣ್ಣು ಅರಳಿತು. ಆಮೇಲೆ ಒಬ್ಬೊಬ್ಬರೇ ಬಂದರು. ಸ್ವಲ್ಪ ಹೊತ್ತಿಗೆ ನಾಲ್ಕೂ ಹರವಿಗಳ ಮೇಲೆ ಕೈಗಳೇ ಕೈಗಳು, ಕುಣಿಯುವವರು ಕಡಿಮೆ. ಅವ್ವ ನಡುವೆ ನಿಂತು ಇವರನ್ನು ಅತ್ತ, ಅವರನ್ನು ಇತ್ತ ಸರಿಸುತ್ತ, ಬಾಯಿ ತುಂಬ ಮಾತಾಡುತ್ತ, ಬೈಯುತ್ತ ಇದ್ದಳು. ನಾನು ವೈರು ಸರಿಮಾಡುವ ನೆಪದಲ್ಲಿ ಬಗ್ಗಿ ಅತ್ತೆ.

ಹೈದರಾಬಾದಿನ ಸೆಟ್ ಬರಲಿಲ್ಲ. ಮುಂದೆ ಎಷ್ಟೋ ಶನಿವಾರ ಕ್ಲಬ್ಬಿನಲ್ಲಿ ಅವ್ವನಿಗೊಂದು ಕುರ್ಚಿ ಇತ್ತು. ಮಾನ್ವಿ, ದೇವದುರ್ಗದ ಮದುವೆಗಳಿಗೂ ಖಾಜಾ ಅವಳನ್ನು ಕರೆದುಕೊಂಡು ಹೋಗುವನು. ಬಸ್ಸಿನಲ್ಲಿ ಅವಳು ಯಾರ ಸರವನ್ನು ಬೇಕಾದರೂ ಗಟ್ಟಿಯಾಗಿ ವಿಚಾರಿಸುವಳು, ನಕ್ಕರೆ ತಾನೂ ನಗುವಳು. ಒಮ್ಮೆ ಮಾತ್ರ, ಊಟಕ್ಕೆ ಕೂತಾಗ, ಆವತ್ತು ಬಾಗಿಲಲ್ಲಿ ಸಾಹೇಬರಿಗೆ ಏನು ಹೇಳಿದೆ ಎಂದು ಕೇಳಿದಳು. ನಮ್ಮವ್ವ ಅಂತ ಹೇಳಿದೆ ಎಂದು ನಾನು ಸನ್ನೆ ಮಾಡಿದೆ. ಅವಳು ನನ್ನ ಮುಖ ನೋಡಿದಳು, ಇನ್ನೊಂದು ರೊಟ್ಟಿ ಹಾಕಿದಳು. ಆ ರೊಟ್ಟಿ ಇನ್ನೂ ಗಂಟಲಲ್ಲೇ ಇದೆ ನೋಡಿ.

ನೆಲ ಒರೆಸುವುದು ಮುಗಿಯಿತು. ಡಬ್ಬಿ ತೆಗೆದು ಮಷೀನು ಕಿವಿಗೆ ಸಿಕ್ಕಿಸಿಕೊಂಡೆ. ಕೆಲಸ ಮಾಡಲಿಲ್ಲ, ಎರಡು ವರ್ಷದಲ್ಲಿ ಸೆಲ್ ಸತ್ತಿತ್ತು. ಹೊಸದು ತರಲು ಮಗಳಿಗೆ ಹೇಳಿ, ಸತ್ತ ಮಷೀನು ಕಿವಿಯಲ್ಲಿ ಇಟ್ಟುಕೊಂಡೇ ತೀನ್ ಕಂದೀಲಿಗೆ ಹೋದೆ. ನನಗೆ ಕಿವಿ ಕೇಳುವುದಿಲ್ಲವ್ವಾ, ನಿನ್ನೆ ಸುಳ್ಳೇ ತಲೆಯಾಡಿಸಿದೆ, ತಪ್ಪು ನಿನ್ನದಲ್ಲ ಎಂದು ಆ ಹೆಣ್ಣುಮಗಳಿಗೆ ಹೇಳಿದೆ. ಹೇಳಿದ್ದಕ್ಕೆ ಏನೂ ಆಗಲಿಲ್ಲ, ಆಕಾಶ ಬೀಳಲಿಲ್ಲ. ಕೂತು, ಒಂದು ಹರವಿಯ ಹೊಟ್ಟೆಗೆ ಎಡಗೈ ಇಟ್ಟು, ಬಲಗೈ ಬೆರಳ ಗಂಟಿನಿಂದ ಬಡಿದೆ. ಅಂಗೈಗೆ ಸಣ್ಣಗೆ ನಡುಕ ಬಂತು. ಎರಡು, ಮೂರು, ನಾಲ್ಕು ಹರವಿ ನೋಡಿದೆ. ಐದನೆಯದರ ನಡುಕ ಅಂಗೈ ತುಂಬ ದುಂಡಗೆ ಬಂದು ನಿಂತಿತು.

ಆಕೆ ಮೈಮರೆತು ನೋಡುತ್ತಿದ್ದಳು. ನನಗೆ ತಿಳಿಯಲಿ ಎಂದು ಮುಖದ ಹತ್ತಿರ ಬಂದು, ಬಿಡಿಸಿ ಬಿಡಿಸಿ ಕೇಳಿದಳು: "ಹಿಂಗ ನೋಡಾದು ಯಾರು ಕಲಿಸ್ಯಾರ್ರೀ ಯಪ್ಪಾ?"

"ನಮ್ಮವ್ವ," ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೋ ಏನೋ, ಆ ಕಡೆಯ ಆಟೋ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು.