ನಮ್ಮೂರ ಜಲಪಾತದ ವಾಲ್ವು

ಹೊಟ್ಟೆ ತುಂಬಿ, ಎಲೆಅಡಿಕೆ ತಟ್ಟೆಯ ಮುಂದೆ ಕುಳಿತವನ ನಾಲಿಗೆಗೆ ಲಗಾಮು ಇರುವುದಿಲ್ಲ. ಇದು ನಿಮಗೂ ಗೊತ್ತಿರುವ ಮಾತೇ. ಸಾಗರದಿಂದ ಬಂದಿದ್ದ ನಾದಿನಿ ಸುಮಿತ್ರಾ, ಕಿಟಕಿಯಾಚೆಗಿನ ಗಣಿಮಣ್ಣಿನ ಬೂದು ಗುಡ್ಡಗಳನ್ನು ನೋಡಿ, “ಭಾವ, ನಿಮ್ಮೂರಲ್ಲಿ ನೀರು ಅಂತ ಕಣ್ಣಿಗೆ ಬೀಳೋದು ಟ್ಯಾಂಕರಿನಲ್ಲಿ ಮಾತ್ರವಾ?” ಎಂದಳು. ಕಾರ್ಖಾನೆಯ ಕೆಲಸಕ್ಕೆಂದು ಬಂದು ಕೆಜಿಎಫನ್ನೇ ಊರೆಂದುಕೊಂಡ ನನಗೆ, ಜೋಗದ ನೆರೆಯವಳ ಈ ಮಾತು ನಾಟಿತು. “ನಮ್ಮಲ್ಲೂ ಒಂದು ಜಲಪಾತವಿದೆ” ಎಂದುಬಿಟ್ಟೆ.

ಸುಳ್ಳೇನೂ ಅಲ್ಲ. ಕೋರಮಂಡಲ್ ಬಡಾವಣೆಯಾಚೆಯ ನೀಲಗಿರಿ ತೋಪಿನಲ್ಲಿ, ಗಣಿಯವರು ಬಂಡೆ ಸೀಳಿ ಮಾಡಿದ ಕಂದಕಕ್ಕೆ ಎರಡಾಳೆತ್ತರದಿಂದ ನೀರು ಬೀಳುತ್ತದೆ. ಸುತ್ತ ಪಾಚಿ, ಜರಿಗಿಡ, ಒಂದು ಮಿಂಚುಳ್ಳಿ. ವಾಕಿಂಗಿನಲ್ಲಿ ಅದನ್ನು ಕಂಡಾಗಲೆಲ್ಲ ಪ್ರಕೃತಿಯ ಔದಾರ್ಯವನ್ನು ಕೊಂಡಾಡಿದ್ದೆನೇ ಹೊರತು ಮೂಲ ಹುಡುಕಿರಲಿಲ್ಲ. ಋಷಿಮೂಲ, ನದೀಮೂಲ ಹುಡುಕಬಾರದೆಂದು ಹಿರಿಯರೇ ಹೇಳಿದ್ದಾರಲ್ಲ!

ಮರುದಿನ ಬೆಳಿಗ್ಗೆ ಹೆಂಡತಿ, ನಾದಿನಿ, ಚಿತ್ರಾನ್ನದ ಡಬ್ಬಿ ಸಮೇತ ಹೋದರೆ ಬಂಡೆ ಒಣಗಿತ್ತು. ಮೇಲೆ, ಊರಿಗೆ ನೀರು ಬಿಡುವ ಮುದುಕ ಮುನಿವೆಂಕಟಪ್ಪ ವಾಲ್ವು ಮುಚ್ಚಿ, ಕುಕ್ಕರುಗಾಲಲ್ಲಿ ಕುಳಿತು ತುಕ್ಕು ಹಿಡಿದ ದಪ್ಪ ಪೈಪನ್ನು ಉಜ್ಜುತ್ತಿದ್ದ.

“ಜಲಪಾತ ಏನಾಯಿತಪ್ಪ?” ಎಂದೆ.

“ಜಲ್ಪಾತ ಯಾವ್ದು ಸಾ? ಅದು ಲೀಕು! ಗಣಿ ಕಾಲದ್ ಪೈಪು. ನಮ್ಮಪ್ಪ ಆಕಿದ್ ಜಾಯಿಂಟು, ಆವತ್ತಿಂದ ಸೋರ್ತಾನೇ ಐತೆ. ಆಂಡರ್ಸನ್‌ಪೇಟೆ ಕೊಳಾಯಾಗೆ ನೀರೇ ಬರಾಕಿಲ್ಲ ಅಂತ ಜನ ಬಯ್ತಾವ್ರೆ. ಇವತ್ತು ಬಿಗಿದಾಕ್ಬುಡ್ತೀನಿ.”

ಸುಮಿತ್ರಾ ನಕ್ಕ ನಗೆಗೆ ಮಿಂಚುಳ್ಳಿ ಹಾರಿಹೋಯಿತು. ಮಾನ ಕಾಯಲು ಬೇರೆ ದಾರಿ ಕಾಣದೆ, ಇವರು ಇದನ್ನು ನೋಡಲೆಂದೇ ಸಾಗರದಿಂದ ಬಂದವರು ಎಂದೆ. ಮುದುಕನ ಕೈ ನಿಂತಿತು.

“ನಮ್ಮಪ್ಪನ ಲೀಕು ನೋಡಾಕೆ ಅಷ್ಟು ದೂರದಿಂದ ಬಂದ್ರಾ ಅಕ್ಕ?” ಎಂದವನೇ ವಾಲ್ವು ತಿರುಗಿಸಿದ.

ಪೈಪು ಕೆಮ್ಮಿತು, ಕೆಂಪು ತುಕ್ಕು ಉಗುಳಿತು, ಆಮೇಲೆ ತಿಳಿನೀರು ಧುಮುಕಿತು. ಸುಮಿತ್ರಾ ಸೀರೆ ಸಮೇತ ಅದರಡಿ ನಿಂತು, “ಜೋಗದಲ್ಲಿ ಹೀಗೆ ನಿಲ್ಲೋಕೆ ಯಾರು ಬಿಡ್ತಾರೆ!” ಎಂದು ಕೂಗಿದಳು.

ಅವಳು ತೊಯ್ದು ಮೇಲೆ ಬಂದಾಗ ಮುನಿವೆಂಕಟಪ್ಪ ಅಂಗಿ ಬಿಚ್ಚಿ ಗಿಡಕ್ಕೆ ಹಾಕಿದ. “ವಾಲ್ವು ಇಡ್ಕೊಳ್ಳಿ ಸಾ. ಇದನ್ನ ರಿಪೇರಿ ಮಾಡ್ತಾನೇ ಮುದುಕ ಆದೆ, ಒಂದಿನಾನೂ ಕೆಳಗೆ ನಿಂತಿಲ್ಲ.”

ಇಳಿದುಹೋಗಿ, ಅಪ್ಪನ ಜಾಯಿಂಟಿನ ನೀರಿಗೆ ತಲೆಯೊಡ್ಡಿ ಕಣ್ಣು ಮುಚ್ಚಿ ನಿಂತ. ಸ್ವಲ್ಪ ಹೊತ್ತಿಗೆ, “ಸಾಕು ಸಾ, ಮುಚ್ಬುಡಿ! ಜಾಯಿಂಟು ಬಿಗೀಬೇಕು, ಜನಕ್ಕೆ ನೀರು ಓಗ್ಬೇಕು” ಎಂದ.

ನಾನು ವಾಲ್ವಿಗೆ ಕೈ ಹಾಕಿದೆ. ಸುಮಿತ್ರಾ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು: “ಜಲಪಾತದ ಸದ್ದಿನಲ್ಲಿ ಕೇಳಿಸ್ತಿಲ್ಲ ಅನ್ನಿ, ಭಾವ.”