ಅತ್ತೆಯ ಮಾತು ಕೇಳಿ ಸೊಟ್ಟಗಾದ ಬೋರ್‌ವೆಲ್

ನನ್ನ ಭಾವ ಬೋರ್‌ವೆಲ್ ಕೊರೆಯುವವರು. ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಅವರು ಕತ್ತು ತಿರುಗಿಸಿ ನಿಮ್ಮನ್ನು ನೋಡುವಷ್ಟರಲ್ಲಿ ನೀವು ಮನೆಗೆ ಹೋಗಿ ಊಟ ಮುಗಿಸಿ ಬರಬಹುದು. ಆದರೆ ಅವರು ಕೊರೆದ ಬಾವಿ ಮಾತ್ರ ನೂಲು ಹಿಡಿದಷ್ಟು ನೇರ. ಆಳದ ಬಂಡೆ ಓರೆಯಾಗಿದ್ದರೆ, ಮೇಲಿನಿಂದ ಒತ್ತಿದಷ್ಟೂ ರಾಡು ಬಾಗಿ, ಅದರ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ ಪಕ್ಕಕ್ಕೆ ಜಾರುತ್ತದೆ. ಬಾವಿ ಸೊಟ್ಟಗಾದರೆ ಪಂಪು ಇಳಿಯುವುದಿಲ್ಲ. ಹಾಗಾಗಿ ಎಂಥ ಮಾಲೀಕ ಬಂದು ಕೂಗಾಡಿದರೂ ಭಾವ ಒತ್ತುವವರಲ್ಲ.

ನಮ್ಮಮ್ಮನಿಗೆ ನಿಧಾನವೆಂದರೆ ಆಗದು. ಹಾಲು ಉಕ್ಕುವುದು ತಡವಾದರೆ ಒಲೆಯನ್ನೇ ಬೈಯುವವಳು. ಅಕ್ಕನ ಮದುವೆಯಾಗಿ ವರ್ಷಗಳೇ ಕಳೆದರೂ ಭಾವನನ್ನು "ಅಳಿಯ" ಎಂದವಳಲ್ಲ. "ನಿನ್ನ ಗಂಡ ಬಂದ್ರು ನೋಡು" ಎಂದು ಅಕ್ಕನಿಗೆ ಹೇಳುತ್ತಿದ್ದಳು, ಪಾರ್ಸೆಲ್ ಬಂದಂತೆ. ಆ ಒಂದು ಮಾತಿಗಾಗಿ ಭಾವ ಹಾತೊರೆಯುತ್ತಿದ್ದರು. ನಮ್ಮ ಹಿತ್ತಲಲ್ಲಿ ಬಾವಿ ಕೊರೆಯುವ ಕೆಲಸವನ್ನು ತಾವೇ ಕೇಳಿ ವಹಿಸಿಕೊಂಡದ್ದೂ ಅದಕ್ಕೇ.

ಅಮ್ಮ ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಳು. "ಒಂಚೂರು ಒತ್ತಬಾರದಾ?" ಎಂದಳು. ಯಾರಿಗೂ ಜಗ್ಗದ ಪುಣ್ಯಾತ್ಮರು ಬೆಣ್ಣೆಯಂತೆ ಕರಗಿ ಲಿವರ್ ಎಳೆದರು. ಸಂಜೆ, ಬಾವಿ ನೇರವಾಗಿದೆಯೇ ನೋಡಲು ಹಗ್ಗ ಕಟ್ಟಿ ಇಳಿಬಿಟ್ಟ ಉದ್ದನೆಯ ಕೊಳವೆ ಅರ್ಧದಲ್ಲೇ ಸಿಕ್ಕಿಕೊಂಡಿತು.

"ಬಂಡೆದೇ ತಪ್ಪು ಅಂದ್ಬಿಡಿ. ಬಂಡೆ ಏನು ಬಂದು ಸಾಕ್ಷಿ ಹೇಳುತ್ತಾ?" ಎಂದಳು ಅಕ್ಕ.

ಭಾವ ಅಡುಗೆಮನೆಗೆ ಹೋಗಿ ನಿಂತರು. "ಅತ್ತೆ, ಬಾವಿ ಸೊಟ್ಟ ಆಯ್ತು. ತಪ್ಪು ನಂದೇ. ನಿಮ್ಮ ಮಾತು ಕೇಳ್ಬಾರದಿತ್ತು."

ಅಕ್ಕ ಕಣ್ಣು ಮುಚ್ಚಿಕೊಂಡಳು. ಅಮ್ಮನ ಕೈಯಲ್ಲಿ ಸೌಟಿತ್ತು.

"ಈಗೇನ್ ಮಾಡ್ಬೇಕು?" ಎಂದಳು ಅಮ್ಮ.

"ಸೊಟ್ಟ ಆದ ಕಡೆ ಸಿಮೆಂಟ್ ತುಂಬಿ, ಗಟ್ಟಿಯಾದ್ಮೇಲೆ ಮತ್ತೆ ಕೊರೀಬೇಕು. ನೀವು ಮಾತ್ರ ಮಾತಾಡ್ಬಾರ್ದು."

ಇಂಥ ಮಾತನ್ನು ನಮ್ಮಪ್ಪ ಜೀವಮಾನದಲ್ಲೇ ಆಡಿರಲಿಲ್ಲ. ಅಮ್ಮ ಬೆರಗಾಗಿ ತಲೆಯಾಡಿಸಿದಳು.

ಮತ್ತೆ ಕೊರೆಯುವಾಗ ಅವಳು ತುಟಿ ಬಿಗಿದು ಕೂತಳು. ಮುಖ ಕೆಂಪಗಾಗಿತ್ತು. ಎಲ್ಲಿ ಸಿಡಿದುಬಿಡುತ್ತಾಳೋ ಎಂದು ನನಗೇ ಭಯ. ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ ಇಣುಕಿ, "ಇನ್ನೂ ಮುಗೀಲಿಲ್ವಾ? ಸ್ವಲ್ಪ ಒತ್ತೋಕೆ ಹೇಳ್ರೀ" ಎಂದರು.

ಅಮ್ಮ ಎದ್ದು ನಿಂತಳು. "ನಮ್ಮ ಅಳಿಯಂದ್ರಿಗೆ ಕೆಲಸ ಹೇಳ್ಕೊಡೋಕೆ ಬರಬೇಡಿ!"

ಭಾವ ಯಂತ್ರವನ್ನೇ ನಿಲ್ಲಿಸಿಬಿಟ್ಟರು. "ಏನಂದ್ರಿ ಅತ್ತೆ? ಈ ಸದ್ದಲ್ಲಿ ಕೇಳಿಸ್ಲೇ ಇಲ್ಲ" ಎಂದರು.

ಶುದ್ಧ ಸುಳ್ಳು. ಸುಳ್ಳೆಂದು ಅಮ್ಮನಿಗೂ ಗೊತ್ತಾಯಿತು. ಆದರೂ ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಇನ್ನೊಂದು ಸಲ ಹೇಳಿದಳು.